ಮಳೆಗಾಲಕ್ಕೆ ಸ್ಮಾರ್ಟ್ ಟ್ರೈನರ್: 3ನೇ ಮಹಡಿ ಫ್ಲ್ಯಾಟ್, 7 ಸ್ಪೀಡ್ ಹೈಬ್ರಿಡ್, ಯಾವುದು ತಗೊಳ್ಳೋದು?

ಜಯನಗರ_ಹೈಬ್ರಿಡ್
ಎಲ್ಲರಿಗೂ ನಮಸ್ಕಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ರಸ್ತೆಯಲ್ಲಿ ಬೆಳಗ್ಗೆ ಸೈಕಲ್ ತುಳಿಯೋದು ಕಷ್ಟ, ಗುಂಡಿ ಯಾವುದು ಕೆರೆ ಯಾವುದು ಗೊತ್ತಾಗಲ್ಲ. ಮನೆಯೊಳಗೇ ಸ್ಮಾರ್ಟ್ ಟ್ರೈನರ್ (ಸೈಕಲ್ ನಿಂತಲ್ಲೇ ತುಳಿಯೋಕೆ, ಆ್ಯಪ್ ಹೇಳಿದಂತೆ ಪೆಡಲ್ ಬಿಗಿಯುವ ಸ್ಟ್ಯಾಂಡ್) ಹಾಕೋ ಯೋಚನೆ. ಸೈಕಲ್: ಹೈಬ್ರಿಡ್, ಹಿಂದೆ 7 ಸ್ಪೀಡ್, ಕ್ವಿಕ್ ರಿಲೀಸ್, ವಿ-ಬ್ರೇಕ್. ಮನೆ: 3ನೇ ಮಹಡಿ, ಕೆಳಗೆ ವಯಸ್ಸಾದ ದಂಪತಿ ಇದ್ದಾರೆ. ಲ್ಯಾಪ್‌ಟಾಪ್ ಹಳೇದು.

ಪ್ರಶ್ನೆಗಳು: ಟೈರ್ ಮೇಲೆ ಕೂರುವ ವೀಲ್-ಆನ್ ಸಾಕಾ, ಚಕ್ರ ಬಿಚ್ಚಿ ಹಾಕುವ ಡೈರೆಕ್ಟ್ ಡ್ರೈವ್ ಬೇಕಾ? 7 ಸ್ಪೀಡ್ ಹೊಂದುತ್ತಾ? ತೆರೆಯ ಮೇಲೆ ಸವಾರಿ ತೋರಿಸುವ ಝ್ವಿಫ್ಟ್ ಆ್ಯಪ್‌ಗೆ ದುಡ್ಡು ಕಟ್ಟಬೇಕಾ, ಇಲ್ಲ ಪುಕ್ಕಟೆ ಏನಾದರೂ ನಡೆಯುತ್ತಾ?

ಸ್ಪೋಕ್‌ಸ್ವಾಮಿ
ಮೊದಲು ಹಿಂದಿನ ಚಕ್ರ ಬಿಚ್ಚಿ ನೋಡಿ. ಹಿಂದಿನ ಹಲ್ಲಿನ ಗುಚ್ಛ ಫ್ರೀವೀಲಾ, ಕ್ಯಾಸೆಟ್ಟಾ? ಅದು ಗೊತ್ತಾಗದೆ ಮುಂದೆ ಹೋಗೋದು ಬೇಡ.

ಚೈನ್‌ವಿಪ್
ಸ್ಪೋಕ್‌ಸ್ವಾಮಿ ಹೇಳಿದ್ದು ಸರಿ. ಕಂಡುಹಿಡಿಯೋದು ಹೀಗೆ: ಚಕ್ರ ಕೈಯಲ್ಲಿ ಹಿಡಿದು ಹಲ್ಲಿನ ಗುಚ್ಛವನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ತೋಡುಗಳ ಭಾಗ ಹಲ್ಲುಗಳ ಜೊತೆಗೇ ತಿರುಗಿದರೆ ಕ್ಯಾಸೆಟ್. ಹಲ್ಲು ಮಾತ್ರ ತಿರುಗಿ ಆ ಭಾಗ ನಿಂತೇ ಇದ್ದರೆ ಫ್ರೀವೀಲ್. ಇಲ್ಲಿ ಸಿಗುವ 7 ಸ್ಪೀಡ್ ಹೈಬ್ರಿಡ್‌ಗಳಲ್ಲಿ ಫ್ರೀವೀಲ್ ಬಹಳ. ಅದು ಹಬ್‌ಗೆ ತಿರುಪಿನಂತೆ ಬಿಗಿಯುವಂಥದ್ದು, ಟ್ರೈನರ್‌ಗೆ ವರ್ಗಾಯಿಸೋಕೆ ಬರಲ್ಲ. ಡೈರೆಕ್ಟ್ ಡ್ರೈವ್ ತಗೊಂಡರೆ ಬೇರೆ ಕ್ಯಾಸೆಟ್ ಕೊಳ್ಳಲೇಬೇಕು.

ಈಗಿನ ಡೈರೆಕ್ಟ್ ಡ್ರೈವ್ ಟ್ರೈನರ್‌ಗಳಲ್ಲಿ ಸಾಮಾನ್ಯವಾಗಿ ಶಿಮಾನೋ 11 ಸ್ಪೀಡ್ ರೋಡ್ ಉದ್ದದ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) ಇರುತ್ತೆ. ಅದಕ್ಕೆ:
8 ಅಥವಾ 9 ಸ್ಪೀಡ್ ಕ್ಯಾಸೆಟ್ ಹಾಕಿದರೆ ಒಳಗೆ 1.85 ಮಿಮೀ ಸ್ಪೇಸರ್ (ತೆಳು ಬಳೆ).
ಶಿಮಾನೋ ರೋಡ್ 10 ಸ್ಪೀಡ್‌ಗೆ 1.85 ಜೊತೆ ಇನ್ನೊಂದು 1 ಮಿಮೀ.
7 ಸ್ಪೀಡ್ ಕ್ಯಾಸೆಟ್‌ಗೆ 1.85 ಜೊತೆ 4.5 ಮಿಮೀ.
ಸ್ಪೇಸರ್ ಮರೆತರೆ ಲಾಕ್‌ರಿಂಗ್ (ಕ್ಯಾಸೆಟ್ ಹಿಡಿದಿಡುವ ತಿರುಪು) ಕೊನೇವರೆಗೆ ಬಿಗಿದರೂ ಕ್ಯಾಸೆಟ್ ಲೊಟಲೊಟ ಅಲ್ಲಾಡುತ್ತೆ. ಗೇರ್ ಹೊಂದಿಸಿ ಹೊಂದಿಸಿ ಸುಸ್ತಾಗ್ತೀರಿ, ತಪ್ಪು ಚೈನ್ ಸರಿಸುವ ಡಿರೇಲರ್‌ದಲ್ಲ. ಲಾಕ್‌ರಿಂಗ್ ಬಿಗಿತ 40 ನ್ಯೂಟನ್-ಮೀಟರ್. ಹಾಕೋಕೆ ಲಾಕ್‌ರಿಂಗ್ ಟೂಲ್ ಮತ್ತು ದೊಡ್ಡ ಸ್ಪ್ಯಾನರ್ ಸಾಕು, ತೆಗೆಯೋಕೆ ಮಾತ್ರ ಚೈನ್ ವಿಪ್ (ಕ್ಯಾಸೆಟ್ ತಿರುಗದಂತೆ ಹಿಡಿಯುವ ಟೂಲ್) ಬೇಕು.

ನನ್ನ ಸಲಹೆ 8 ಸ್ಪೀಡ್ ಕ್ಯಾಸೆಟ್. ಹಲ್ಲುಚಕ್ರಗಳ ಅಂತರ 7ರಲ್ಲಿ 5.0 ಮಿಮೀ, 8ರಲ್ಲಿ 4.8. ನಿಮ್ಮ 7 ಸ್ಪೀಡ್ ಶಿಫ್ಟರ್ ಅದರಲ್ಲಿ 7 ಹಲ್ಲುಚಕ್ರಕ್ಕೆ ಸರಿಯಾಗೇ ಕೂರುತ್ತೆ. ಲಿಮಿಟ್ ಸ್ಕ್ರೂ ತಿರುಗಿಸಿ ತುದಿಯ ಒಂದನ್ನು ಬಿಟ್ಟುಬಿಡಿ. ಚೈನ್ ಎರಡಕ್ಕೂ ಒಂದೇ.

ಒಂದು ಎಚ್ಚರಿಕೆ: "ಕ್ಯಾಸೆಟ್ ಸಮೇತ" ಅಂತ ಮಾರುವ ಟ್ರೈನರ್‌ಗಳಲ್ಲಿ ಹೆಚ್ಚಾಗಿ 11 ಸ್ಪೀಡ್ ಇರುತ್ತೆ. ನಿಮ್ಮ ದಪ್ಪ ಚೈನ್ ಪಕ್ಕದ ಹಲ್ಲುಚಕ್ರಕ್ಕೆ ಉಜ್ಜುತ್ತೆ. ಅಂಗಡಿಯವರು "ಎಲ್ಲ ಫಿಟ್ ಆಗುತ್ತೆ ಸಾರ್" ಅಂದರೂ ಡಬ್ಬಿ ಓದಿ.

ಜಯನಗರ_ಹೈಬ್ರಿಡ್
ನೋಡಿದೆ, ಫ್ರೀವೀಲೇ. ಆಕ್ಸಲ್ ಅಗಲ 135 ಮಿಮೀ. ಹಾಗಾದರೆ ಕ್ಯಾಸೆಟ್, ಸ್ಪೇಸರ್, ಟೂಲ್ ಎಲ್ಲ ಸೇರಿಸಿ ಲೆಕ್ಕ ಹಾಕಬೇಕು.

ಕುಡ್ಲ_ರೈಡರ್
ಇಷ್ಟೆಲ್ಲ ತಲೆನೋವು ಯಾಕೆ ಮಾರಾಯ್ರೆ? ವೀಲ್-ಆನ್ ತೆಗೊಳ್ಳಿ. ಚಕ್ರ ಬಿಚ್ಚುವುದು ಬೇಡ, ಕ್ಯಾಸೆಟ್ ಬೇಡ, ಬೆಲೆಯೂ ಅರ್ಧದ ಹತ್ತಿರ. ಕ್ವಿಕ್ ರಿಲೀಸ್ ಕಡ್ಡಿ ಮಾತ್ರ ಟ್ರೈನರ್ ಜೊತೆ ಬರುವ ಉಕ್ಕಿನದ್ದನ್ನೇ ಹಾಕಬೇಕು. ಸೈಕಲ್ಲಿನ ಹಗುರ ಕಡ್ಡಿಯ ತುದಿ ಟ್ರೈನರ್‌ನ ಹಿಡಿತದ ಬಟ್ಟಲಿನಲ್ಲಿ ಸರಿ ಕೂರುವುದಿಲ್ಲ. ಮುಂದಿನ ಚಕ್ರದ ಅಡಿಗೆ ಒಂದು ಬ್ಲಾಕ್ ಇಟ್ಟರೆ ಮಟ್ಟಸ ಆಯಿತು.

ವ್ಯಾಟ್‌ಮೀಟರ್
ವೀಲ್-ಆನ್ ಬೇಡವೇ ಬೇಡ. ಟೈರ್ ಬಿಸಿಯಾದ ಹಾಗೆ ಒಳಗಿನ ಗಾಳಿ ಏರುತ್ತೆ, ರಬ್ಬರ್ ಮೆತ್ತಗಾಗುತ್ತೆ, ರೋಲರ್ ಮೇಲಿನ ಒತ್ತಡ ಬದಲಾಗುತ್ತೆ. ಮೊದಲ ಹತ್ತು ನಿಮಿಷದ 180 ವ್ಯಾಟ್‌ಗೂ ನಲವತ್ತನೇ ನಿಮಿಷದ 180 ವ್ಯಾಟ್‌ಗೂ ಸಂಬಂಧ ಇರಲ್ಲ. ಅದರ ಮೇಲೆ ಟ್ರೈನಿಂಗ್ ಪ್ಲಾನ್ ಕಟ್ಟೋದು ಅಂದ್ರೆ ಮರಳಿನ ಮೇಲೆ ಮನೆ.

ಕುಡ್ಲ_ರೈಡರ್
ಅದು ಕ್ಯಾಲಿಬ್ರೇಶನ್ ಮಾಡದವರ ಕಥೆ. ಪ್ರತಿ ಸಲ ಒಂದೇ ಒತ್ತಡಕ್ಕೆ ಗಾಳಿ ಹಾಕಿ. ರೋಡ್ ಟೈರ್ ಆದ್ರೆ 100 ಪಿಎಸ್‌ಐ ಆಸುಪಾಸು, ಹೈಬ್ರಿಡ್‌ನ ಅಗಲ ಟೈರಿಗೆ ಅದರ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮೀರದಂತೆ. ರೋಲರ್ ಬಿಗಿಯುವ ಗುಬುಟನ್ನು ಟೈರ್ ತಾಗಿದ ಮೇಲೆ ಪ್ರತಿ ಸಲ ಅಷ್ಟೇ ಸುತ್ತು ತಿರುಗಿಸಿ. 10-15 ನಿಮಿಷ ತುಳಿದು ಬಿಸಿಯಾದ ಮೇಲೆಯೇ ಸ್ಪಿನ್-ಡೌನ್ (ವೇಗ ಏರಿಸಿ ತುಳಿಯುವುದು ನಿಲ್ಲಿಸಿ ಮಾಡುವ ಕ್ಯಾಲಿಬ್ರೇಶನ್). ಇಷ್ಟು ಮಾಡಿದರೆ ಅಂಕಿ ದಿನದಿಂದ ದಿನಕ್ಕೆ ಹೆಚ್ಚು ಆಚೀಚೆ ಹೋಗುವುದಿಲ್ಲ. ಸತ್ಯದ ವ್ಯಾಟ್ ಎಷ್ಟು ಅಂತ ಯಾರಿಗೆ ಬೇಕು? ನಿನ್ನೆಗೂ ಇವತ್ತಿಗೂ ಒಂದೇ ಅಳತೆಗೋಲು ಇದ್ದರೆ ಸಾಕಲ್ಲ.

ವ್ಯಾಟ್‌ಮೀಟರ್
ಪ್ರತಿದಿನ ಗಾಳಿ ಅಳೆದು ಗುಬುಟು ಎಣಿಸಿ ಕಾಲು ಗಂಟೆ ಬಿಸಿ ಮಾಡಿ... ಮಳೆಗಾಲ ಮುಗಿದುಹೋಗುತ್ತೆ ಗುರು.

ಚೈನ್‌ವಿಪ್
ಇಬ್ಬರೂ ಬಿಟ್ಟದ್ದು: ಹೈಬ್ರಿಡ್ ಟೈರಿನ ಗುಬ್ಬಿ, ಅಂದ್ರೆ ಮೇಲೆದ್ದ ರಬ್ಬರ್ ಉಬ್ಬುಗಳು. ಗುಬ್ಬಿ ಇರುವ ಟೈರ್ ರೋಲರ್ ಮೇಲೆ ಗುಂಯ್ ಅಂತ ಕೂಗುತ್ತೆ, ಬೇಗ ಸವೆದು ಕರಿಪುಡಿ ಉದುರಿಸುತ್ತೆ. ನುಣುಪು ಟೈರ್ ಇಲ್ಲವೇ ಟ್ರೈನರ್‌ಗೆಂದೇ ಬರುವ ಗಟ್ಟಿ ರಬ್ಬರಿನ ಟೈರ್ ಬೇಕು. ಆ ಟ್ರೈನರ್ ಟೈರ್ ಹಾಕಿಕೊಂಡು ಒದ್ದೆ ರಸ್ತೆಗೆ ಇಳಿಯಬೇಡಿ, ಹಿಡಿತ ಇರಲ್ಲ. ವಾರಾಂತ್ಯಕ್ಕೆ ಹೊರಗೆ ಹೋಗುವವರು ಆಗ ಪ್ರತಿ ವಾರ ಟೈರ್ ಬದಲಿಸಬೇಕು, ಇಲ್ಲವೇ ಇನ್ನೊಂದು ಚಕ್ರ ಇಟ್ಕೋಬೇಕು. ಅಲ್ಲಿಗೆ ಉಳಿತಾಯ ಕರಗಿತು.

ನಿಖರತೆ ವಿಷಯ: ತಯಾರಕರು ಹೇಳಿಕೊಳ್ಳುವ ಪ್ರಕಾರ ಟ್ಯಾಕ್ಸ್ ನಿಯೋ 2ಟಿ ±1%, ಎಲೈಟ್ ಡಿರೆಟೊ ಎಕ್ಸ್‌ಆರ್ ±1.5%, ವಾಹೂ ಕಿಕರ್ ಕೋರ್ ±2%. ವೀಲ್-ಆನ್‌ಗಳು ಸಾಮಾನ್ಯವಾಗಿ 3ರಿಂದ 5%. 200 ವ್ಯಾಟ್‌ನಲ್ಲಿ 5% ಅಂದ್ರೆ 10 ವ್ಯಾಟ್ ಆಚೆ, 10 ಈಚೆ. ಸುಮ್ಮನೆ ಬೆವರಿಳಿಸೋಕೆ ಅದು ಲೆಕ್ಕಕ್ಕಿಲ್ಲ. ಆನ್‌ಲೈನ್ ರೇಸ್‌ಗೆ ಇಳಿದರೆ ಲೆಕ್ಕಕ್ಕುಂಟು.

ಮಂಡ್ಯ_ಮೈಲಿ
ಚಕ್ರ, ಹಲ್ಲು ಬಿಡಿ. ಕೆಳಗಡೆ ಮನೆ ಅಜ್ಜ-ಅಜ್ಜಿ ಗತಿ ಏನು ಹೇಳಿ ಮೊದ್ಲು.

ಸ್ಲ್ಯಾಬ್_ಮೇಸ್ತ್ರಿ
ಅದಕ್ಕೆ ನಾನು ಹೇಳ್ತೀನಿ. ಟ್ರೈನರ್ ಸದ್ದು ಎರಡು ಥರ. ಒಂದು ಗಾಳಿಯಲ್ಲಿ ಹೋಗೋದು: ಚೈನ್ ಗಿರಗಿರ, ಫ್ಯಾನ್. ಇದು ನಿಮ್ಮ ಮನೆಯವರಿಗೆ ಕೇಳುತ್ತೆ, ಕೆಳಗಿನವರಿಗೆ ಅಷ್ಟಾಗಿ ಇಲ್ಲ. ಇನ್ನೊಂದು ಸ್ಲ್ಯಾಬ್ ಮೂಲಕ ಇಳಿಯುವ ಕಂಪನ. 90 ಆರ್‌ಪಿಎಂನಲ್ಲಿ ಎರಡು ಕಾಲೂ ಸೇರಿ ಸೆಕೆಂಡಿಗೆ 3 ಗುದ್ದು. ಕಂಪನಿಯವರು ಬರೆಯುವ ಡೆಸಿಬೆಲ್ ಲೆಕ್ಕದಲ್ಲಿ ಇದು ಬರೋದೇ ಇಲ್ಲ. "ನಿಶ್ಶಬ್ದ ಟ್ರೈನರ್" ಅಂತ ನಂಬಿ ತಂದವರ ಮನೆಗೂ ಕೆಳಗಿನವರು ಬಂದು ಬೆಲ್ ಒತ್ತೋದು ಇದಕ್ಕೇ.

ಜಾಗ ಆರಿಸುವುದೇ ಅರ್ಧ ಕೆಲಸ. ಕೋಣೆ ನಡುವೆ ಇಡಬೇಡಿ, ಸ್ಲ್ಯಾಬ್ ಅತಿ ಹೆಚ್ಚು ಬಳುಕೋದು ಅಲ್ಲೇ. ಕೆಳಗೆ ಬೀಮ್ ಹೋಗಿರುವ ಗೋಡೆ ಪಕ್ಕ, ಕಾಲಂ ಇರುವ ಮೂಲೆ ಒಳ್ಳೇದು. ಆದರೆ ಗೋಡೆಗೆ ತಾಗಿಸಬೇಡಿ.

ಹಾಸುವ ಕ್ರಮ: ಟೈಲ್ಸ್ ಮೇಲೆ 10-12 ಮಿಮೀ ಜಿಮ್ ರಬ್ಬರ್, ಅದರ ಮೇಲೆ 18 ಮಿಮೀ ಪ್ಲೈವುಡ್, ಅದರ ಮೇಲೆ ಟ್ರೈನರ್ ಮ್ಯಾಟ್. ಪ್ಲೈವುಡ್ ಯಾಕೆ ಅಂದ್ರೆ ಟ್ರೈನರ್‌ನ ಭಾರವೆಲ್ಲ ನಾಲ್ಕು ಪುಟ್ಟ ಕಾಲುಗಳ ಮೇಲೆ. ಬರೀ ರಬ್ಬರ್ ಹಾಕಿದ್ರೆ ಕಾಲು ಅಲ್ಲೇ ಒತ್ತಿಕೊಂಡು ರಬ್ಬರ್‌ನ ಸ್ಪ್ರಿಂಗ್ ಗುಣ ಸಾಯುತ್ತೆ. ಹಲಗೆ ಇದ್ದರೆ ಭಾರ ಹರಡುತ್ತೆ. ಮಕ್ಕಳು ಆಡುವ ಬಣ್ಣದ ಫೋಮ್ ಪಝಲ್ ಮ್ಯಾಟ್ ಸಾಲಲ್ಲ, ಕೆಲವೇ ವಾರದಲ್ಲಿ ಚಪ್ಪಟೆ. ಹಲಗೆ ಮುಂದಿನ ಚಕ್ರದವರೆಗೂ ಒಂದೇ ತುಂಡು ಇರಲಿ, ಸುಮಾರು 6 ಅಡಿ ಉದ್ದ, ಎರಡೂವರೆ ಅಡಿ ಅಗಲ.

ಮಂಡ್ಯ_ಮೈಲಿ
ಇಷ್ಟೆಲ್ಲ ಹಾಸಿ ಮೇಲೊಂದು ಹೋಳಿಗೆ ಡಬ್ಬಿ ಹಿಡ್ಕೊಂಡು ಕೆಳಗೆ ಹೋಗಿ ಬನ್ನಿ. ಅದು ರಬ್ಬರ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತೆ 😄

ಹುಬ್ಬಳ್ಳಿ_ಹೆಡ್‌ವಿಂಡ್
ಅಲ್ರಿ, ಕರೆಂಟ್ ಹೋದ್ರ ಏನ್ ಮಾಡ್ತೀರಿ? ಮಳಿಗಾಲ ಅಂದ್ರ ಕರೆಂಟ್ ಹೋಗೂದ. ಹೆಚ್ಚಿನ ಟ್ರೈನರ್‌ಗೋಳ ಬ್ರೇಕ್ ವಿದ್ಯುತ್ ಅಯಸ್ಕಾಂತದ್ದು. ಕರೆಂಟ್ ಹೋದ ಕೂಡ್ಲೆ ಹಿಡಿತ ಬಿಟ್ಟು ಪೆಡಲ್ ಖಾಲಿ ಆಗ್ತದ. ನಿಂತು ಸ್ಪ್ರಿಂಟ್ ಹೊಡಿಯೂ ಹೊತ್ತಿನ್ಯಾಗ ಆದ್ರ ಮುಖ ಹ್ಯಾಂಡಲ್‌ಗೆ. ನಿಯೋ 2ಟಿ ಮಾತ್ರ ಬ್ಯಾರೆ, ತುಳಿಯೂ ಶಕ್ತಿಯಿಂದನ ತಾನ ನಡೀತದ, ಇಳಿಜಾರಿನ್ಯಾಗ ಚಕ್ರ ತಾನ ತಿರಗೂದಕ್ಕಷ್ಟ ಪ್ಲಗ್ ಬೇಕು.

ಇನ್ವರ್ಟರ್ ಇದ್ರ ಲೆಕ್ಕ ಸರಳ ಐತಿ. ಅಡಾಪ್ಟರ್ ಮ್ಯಾಲೆ ಬರದದ್ದು ಗುಣಿಸ್ರಿ: 12 ವೋಲ್ಟ್ 5 ಆಂಪ್ ಇದ್ರ ಗರಿಷ್ಠ 60 ವ್ಯಾಟ್. ಲ್ಯಾಪ್‌ಟಾಪ್ 65, ಪೆಡೆಸ್ಟಲ್ ಫ್ಯಾನ್ 55ರಿಂದ 130, ರೌಟರ್ 10-12. ಎಲ್ಲಾ ಕೂಡಿ 270 ದಾಟಂಗಿಲ್ಲ. ಮನಿ ಇನ್ವರ್ಟರ್ ಆರಾಮ ಎಳಿತದ. ಆದ್ರ ಕೋಣ್ಯಾಗಿನ ಆ ಪ್ಲಗ್ ಇನ್ವರ್ಟರ್ ಲೈನಿಗೆ ಐತೇನು ಅಂತ ಮೊದ್ಲ ನೋಡ್ರಿ. ಹೆಚ್ಚಿನ ಮನ್ಯಾಗ ಲೈಟು-ಫ್ಯಾನಿಗೆ ಅಷ್ಟ ಎಳದಿರ್ತಾರ.

ಸ್ಪೋಕ್‌ಸ್ವಾಮಿ
ಬರೀ ಇಂಟರ್‌ನೆಟ್ ಹೋದರೆ ಗಾಬರಿ ಬೇಡ. ಝ್ವಿಫ್ಟ್‌ನಲ್ಲಿ ಉಳಿದ ಸವಾರರು ಮಾಯವಾಗ್ತಾರೆ, ನಿಮ್ಮ ಸವಾರಿ ನಡೀತಾನೇ ಇರುತ್ತೆ. ಕೊನೆಯಲ್ಲಿ ಸೇವ್ ಆಗದಿದ್ದರೆ ಕಂಪ್ಯೂಟರ್‌ನ ಡಾಕ್ಯುಮೆಂಟ್ಸ್ ಒಳಗೆ ಝ್ವಿಫ್ಟ್ ಫೋಲ್ಡರ್, ಅದರಲ್ಲಿ ಆ್ಯಕ್ಟಿವಿಟೀಸ್. ಆ ದಿನಾಂಕದ ಫಿಟ್ ಫೈಲ್ ಅಲ್ಲೇ ಇರುತ್ತೆ, ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ಗೆ ಕೈಯಾರೆ ಏರಿಸಿ.

ಬೆವರು_ಲೆಕ್ಕ
ಎಲ್ಲರೂ ಟ್ರೈನರ್ ಬಗ್ಗೆ ಮಾತಾಡ್ತಿದ್ದೀರಿ, ಒಳಾಂಗಣ ಸೈಕ್ಲಿಂಗ್ ಕೆಡಿಸೋದು ಶಾಖ. ಲೆಕ್ಕ ಕೊಡ್ತೀನಿ ನೋಡಿ.

ದೇಹದ ದಕ್ಷತೆ 20-25%. ಪೆಡಲ್‌ಗೆ 200 ವ್ಯಾಟ್ ಹೋಗಬೇಕಾದ್ರೆ ಇನ್ನೂ 600-800 ವ್ಯಾಟ್ ಮೈಯಲ್ಲಿ ಶಾಖವಾಗುತ್ತೆ. ಪೆಡಲ್‌ಗೆ ಹೋದ 200 ಕೂಡ ಟ್ರೈನರ್‌ನ ಬ್ರೇಕ್‌ನಲ್ಲಿ ಶಾಖವಾಗಿ ಅದೇ ಕೋಣೆಗೆ ಬೀಳುತ್ತೆ. ಅಂದ್ರೆ ಬಾಗಿಲು ಹಾಕಿದ ಕೋಣೆಯಲ್ಲಿ 800ರಿಂದ 1000 ವ್ಯಾಟ್ ಹೀಟರ್ ಹಚ್ಚಿಟ್ಟು ವ್ಯಾಯಾಮ ಮಾಡಿದ ಹಾಗಾಯ್ತು.

ಮೈ ತಣಿಸೋದು ಬೆವರು ಆರುವಾಗ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೌಲ್ ಶಾಖ ಒಯ್ಯುತ್ತೆ. 700 ವ್ಯಾಟ್ ಒಂದು ಗಂಟೆಗೆ 2520 ಕಿಲೋಜೌಲ್. ಹೆಚ್ಚುಕಡಿಮೆ ಒಂದು ಲೀಟರ್ ಆರಬೇಕು. ಗಮನಿಸಿ, ಆರಬೇಕು. ಮೂಗಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕಿದ್ದು ತಣಿಸೋ ಲೆಕ್ಕಕ್ಕಿಲ್ಲ, ನೀರು ನಷ್ಟ ಅಷ್ಟೇ. ರಸ್ತೆಯಲ್ಲಿ ಗಂಟೆಗೆ 30 ಕಿಮೀ ಗಾಳಿ ಪುಕ್ಕಟೆ ಸಿಗುತ್ತೆ. ಮನೆಯಲ್ಲಿ ಅದನ್ನು ಕೊಂಡು ತರಬೇಕು.

ಸೀಲಿಂಗ್ ಫ್ಯಾನ್ ಸಾಲಲ್ಲ, ಬಾಗಿ ಕೂತವರ ಬೆನ್ನಿಗೆ ಸ್ವಲ್ಪ ತಾಗುತ್ತೆ ಅಷ್ಟೇ. ಪೆಡೆಸ್ಟಲ್ ಫ್ಯಾನ್ ಮುಂದೆ ಒಂದರಿಂದ ಒಂದೂವರೆ ಮೀಟರ್ ದೂರ, ಎದೆಗೆ ಬಡಿಯುವಂತೆ. ಎರಡನೇದಿದ್ದರೆ ಹಿಂದೆ ಪಕ್ಕದಿಂದ. ಕಿಟಕಿ ತೆಗೆದಿರಿ. ಫ್ಯಾನ್ ಸಾಲದಿದ್ದರೆ ಅದೇ ವ್ಯಾಟ್‌ಗೆ ಎದೆಬಡಿತ ನಿಧಾನಕ್ಕೆ ಏರ್ತಾ ಹೋಗುತ್ತೆ, ಅರ್ಧ ಗಂಟೆ ಕಳೆದ ಮೇಲೆ 10-15 ಜಾಸ್ತಿ ಕಂಡರೆ ಕಾಲಿನ ದೋಷ ಅಲ್ಲ ಅದು. "ಮನೆಯೊಳಗೆ ನನ್ನ ಎಫ್‌ಟಿಪಿ (ಸುಮಾರು ಒಂದು ಗಂಟೆ ಹಿಡಿಯಬಲ್ಲ ವ್ಯಾಟ್) 20 ವ್ಯಾಟ್ ಕಡಿಮೆ" ಅನ್ನೋ ದೂರುಗಳಲ್ಲಿ ಹೆಚ್ಚಿನವಕ್ಕೆ ಮದ್ದು ಇದೇ.

ಕುಡ್ಲ_ರೈಡರ್
ನಮ್ಮ ಕಡೆ ಮಳೆಗಾಲದಲ್ಲಿ ತೇವ 90% ಉಂಟು. ಫ್ಯಾನ್ ಎಷ್ಟು ತಿರುಗಿದರೂ ಬೆವರು ಆರುವುದೇ ಇಲ್ಲ. ಏಸಿ ಹಾಕಬಹುದಾ?

ಬೆವರು_ಲೆಕ್ಕ
ಹಾಕಿ. ಒಂದು ಟನ್ ಏಸಿ ಸುಮಾರು 3.5 ಕಿಲೋವ್ಯಾಟ್ ಶಾಖ ತೆಗೆಯುತ್ತೆ, ನಿಮ್ಮ 1 ಕಿಲೋವ್ಯಾಟ್ ಅದಕ್ಕೆ ಲೆಕ್ಕವಲ್ಲ. ಮುಖ್ಯ ಲಾಭ ತೇವ ಇಳಿಯೋದು. ಆದರೆ ಏಸಿ ಇದ್ದರೂ ಎದೆಗೆ ಫ್ಯಾನ್ ಬೇಕು. ಇನ್ನೊಂದು, ಏಸಿಗೆಂದು ಎಲ್ಲ ಮುಚ್ಚಿದ ಸಣ್ಣ ಕೋಣೆಯಲ್ಲಿ ಗಂಟೆಗಟ್ಟಲೆ ಏದುಸಿರು ಬಿಟ್ಟರೆ ಗಾಳಿ ಕೆಡುತ್ತೆ, ಬಾಗಿಲು ಸ್ವಲ್ಪ ಓರೆ ಮಾಡಿಡಿ.

ನೀರು: ಸವಾರಿ ಮೊದಲು, ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿ. ಇಳಿದ ಕೆಜಿ ಜೊತೆ ಕುಡಿದ ಲೀಟರ್ ಕೂಡಿಸಿದ್ರೆ ನಿಮ್ಮ ಬೆವರಿನ ಪ್ರಮಾಣ. ಒಂದು ಗಂಟೆಯೊಳಗಿನ ಸವಾರಿಗೆ ಬರೀ ನೀರು ಸಾಕು. ಅದರ ಮೇಲೆ ಹೋದರೆ ಒಂದು ಲೀಟರ್‌ಗೆ ಕಾಲು ಟೀ ಚಮಚ ಉಪ್ಪು, 3 ದೊಡ್ಡ ಚಮಚ ಸಕ್ಕರೆ, ಒಂದು ನಿಂಬೆಹಣ್ಣು. ಅಂದಾಜು 600 ಮಿಲಿಗ್ರಾಂ ಸೋಡಿಯಂ, 35-40 ಗ್ರಾಂ ಸಕ್ಕರೆ ಆಯ್ತು. ಬಣ್ಣದ ಪುಡಿ ಡಬ್ಬಿಗೆ ದುಡ್ಡು ಸುರಿಯೋದು ಬೇಡ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ.

ಮಿನ್ನೆಸೋಟ_ಮಲ್ಲಿಗೆ
ಇಲ್ಲಿ ಜನವರಿಯಲ್ಲಿ ಬೇಸ್‌ಮೆಂಟ್ 14-15 ಡಿಗ್ರಿ, ಶಾಖದ ಚಿಂತೆಯೇ ಇಲ್ಲ. ಇಲ್ಲಿನ ಕಾಟ ಬೇರೆ: ವೈಫೈ ರೌಟರ್ ಮೇಲಿನ ಮಹಡಿಯಲ್ಲಿ, ಟ್ರೈನರ್ ಕೆಳಗೆ, ನಡುನಡುವೆ ವ್ಯಾಟ್ ಸೊನ್ನೆಗೆ ಬಿದ್ದು ಮತ್ತೆ ಬರುತ್ತೆ. ಡ್ರಾಪ್‌ಔಟ್ ಬಗ್ಗೆ ಯಾರಾದ್ರೂ ಹೇಳ್ತೀರಾ?

ಸ್ಪೋಕ್‌ಸ್ವಾಮಿ
ವ್ಯಾಟ್ ಸೊನ್ನೆಯಾದರೆ ಅದು ರೌಟರ್ ದೂರ ಇರೋದಕ್ಕಲ್ಲ. ಇಂಟರ್‌ನೆಟ್ ಹೋದರೆ ಬೇರೆ ಸವಾರರು ಮಾಯ, ಟ್ರೈನರ್ ಸಂಪರ್ಕ ಹೋದರೆ ನಿಮ್ಮ ವ್ಯಾಟ್ ಮಾಯ. ಎರಡೂ ಬೇರೆ ರೋಗ.

ಆಂಟ್ ಪ್ಲಸ್ (ಬ್ಲೂಟೂತ್‌ನಂಥ ಇನ್ನೊಂದು ನಿಸ್ತಂತು ಸಂಪರ್ಕ) ಡಾಂಗಲ್ ಬಳಸುತ್ತಿದ್ದರೆ, ಅದು 2457 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತೆ. 2.4 ಗಿಗಾಹರ್ಟ್ಸ್ ವೈಫೈನ 10ನೇ ಚಾನಲ್‌ನ ನಡುಮಧ್ಯವೂ ಅದೇ. ರೌಟರ್‌ನಲ್ಲಿ ಚಾನಲ್ 1 ಮಾಡಿ, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಡಾಂಗಲನ್ನು ಯುಎಸ್‌ಬಿ 3 ಕಿಂಡಿಗೆ ನೇರ ಚುಚ್ಚಬೇಡಿ, ಆ ಕಿಂಡಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಹರಡುತ್ತೆ. ಒಂದೆರಡು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ಟ್ರೈನರ್ ಪಕ್ಕ ಇಡಿ.

ಬ್ಲೂಟೂತ್ ಆದರೆ: ಬಹಳ ಟ್ರೈನರ್‌ಗಳು ಒಂದು ಸಲಕ್ಕೆ ಒಂದೇ ಸಾಧನಕ್ಕೆ ಕೊಂಡಿಯಾಗೋದು. ಫೋನ್‌ನಲ್ಲಿ ಕಂಪನಿಯ ಆ್ಯಪ್ ತೆರೆದೇ ಇದ್ದರೆ ಲ್ಯಾಪ್‌ಟಾಪ್‌ಗೆ ಟ್ರೈನರ್ ಕಾಣೋದೇ ಇಲ್ಲ. ಫೋನ್‌ನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಪೇರ್ ಮಾಡಬೇಡಿ, ಆ್ಯಪ್ ಒಳಗಿಂದಲೇ ಹುಡುಕಿ. ಹಳೇ ಆಂಡ್ರಾಯ್ಡ್‌ನಲ್ಲಿ (11ರವರೆಗೆ) ಲೊಕೇಶನ್ ಅನುಮತಿ ಕೊಡದೇ ಹುಡುಕಿದರೆ ಪಟ್ಟಿ ಖಾಲಿ.

ಪೇರಿಂಗ್ ಪುಟದಲ್ಲಿ "ಪವರ್" ಮಾತ್ರವಲ್ಲ "ಕಂಟ್ರೋಲಬಲ್" ಚೌಕದಲ್ಲೂ ಟ್ರೈನರ್ ಇದೆಯಾ ನೋಡಿ. ಅದು ಖಾಲಿ ಇದ್ದರೆ ಬೆಟ್ಟ ಬಂದರೂ ಪೆಡಲ್ ಗಟ್ಟಿಯಾಗಲ್ಲ.

ಜಯನಗರ_ಹೈಬ್ರಿಡ್
ಆ್ಯಪ್ ಬಗ್ಗೆ ಯಾರೂ ಹೇಳಲಿಲ್ಲ.

ವ್ಯಾಟ್‌ಮೀಟರ್
ಝ್ವಿಫ್ಟ್. ಜನ ಅಲ್ಲಿದ್ದಾರೆ, ಯಾವ ಹೊತ್ತಿಗೆ ತೆರೆದರೂ ಗುಂಪು ಸಿಗುತ್ತೆ. 2024ರಲ್ಲಿ ತಿಂಗಳಿಗೆ 14.99 ಡಾಲರ್ ಇದ್ದದ್ದು 19.99 ಆಯ್ತು, ಅದು ನಿಜ.

ಮಂಡ್ಯ_ಮೈಲಿ
ಡಾಲರ್ ಲೆಕ್ಕ, ಮೇಲೆ ಕಾರ್ಡ್‌ನವರ ಫಾರೆಕ್ಸ್ ಬೇರೆ. ಮೈವೂಶ್ ಅನ್ನೋ ಆ್ಯಪ್ ಪೂರ್ತಿ ಉಚಿತ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐನವರ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ 2020ರಲ್ಲಿ ಝ್ವಿಫ್ಟ್ ಮೇಲೆ ಶುರುವಾಯ್ತು, 2024ರಲ್ಲಿ ಮೈವೂಶ್‌ಗೆ ಹೋಯ್ತು, ಫೈನಲ್ ಅಬುಧಾಬಿಯಲ್ಲೇ ನಡೀತು. ಪುಕ್ಕಟೆದು ಕೀಳು ಅಂತ ಅಂದ್ಕೋಬೇಡಿ.

ವ್ಯಾಟ್‌ಮೀಟರ್
ಹಳೇ ಲ್ಯಾಪ್‌ಟಾಪ್ ಅಂದಿದ್ದಾರೆ. ಮೈವೂಶ್‌ನ ಗ್ರಾಫಿಕ್ಸ್ ಭಾರ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಯಂತ್ರದಲ್ಲಿ ಏದುಸಿರು ಬಿಡುತ್ತೆ.

ಚೈನ್‌ವಿಪ್
ಜಗಳ ಬೇಡ. ಬಳಕೆ ನೋಡಿ ಆರಿಸಿ. ಗುಂಪು, ರೇಸ್ ಬೇಕಾದರೆ ಝ್ವಿಫ್ಟ್ ಅಥವಾ ಮೈವೂಶ್. ನಿಜವಾದ ರಸ್ತೆಯ ವಿಡಿಯೋ ನೋಡ್ತಾ ತುಳಿಯೋಕೆ ರೌವಿ. ಚಿತ್ರವೇ ಬೇಡ, ಕಟ್ಟುನಿಟ್ಟಾದ ವರ್ಕ್‌ಔಟ್ ಬೇಕು ಅಂದ್ರೆ ಟ್ರೈನರ್‌ರೋಡ್, ಹಳೇ ಫೋನ್‌ನಲ್ಲೂ ಓಡುತ್ತೆ. ದುಡ್ಡೂ ಬೇಡ, ಸ್ವಲ್ಪ ತಲೆ ಕೆಡಿಸಿಕೊಳ್ಳೋಕೆ ತಯಾರಿದ್ದರೆ ಗೋಲ್ಡನ್ ಚೀಟಾ, ಮುಕ್ತ ತಂತ್ರಾಂಶ. ಮೊದಲ ತಿಂಗಳು ಉಚಿತದ್ದರಲ್ಲಿ ಶುರು ಮಾಡಿ. ಲ್ಯಾಪ್‌ಟಾಪ್ ಎಳೆಯದಿದ್ದರೆ ಫೋನ್‌ನಲ್ಲಿ ಹಾಕಿ ನೋಡಿ.

ಟ್ರೈನರ್ ಕೊಳ್ಳುವಾಗ ಪೆಟ್ಟಿಗೆ ಮೇಲೆ, ಆ್ಯಪ್ ಟ್ರೈನರನ್ನು ನಿಯಂತ್ರಿಸುವ ಎರಡು ಮಾನದಂಡಗಳ ಹೆಸರು ಇರಲೇಬೇಕು: ಆಂಟ್ ಪ್ಲಸ್ ಎಫ್‌ಇ-ಸಿ ಮತ್ತು ಬ್ಲೂಟೂತ್ ಎಫ್‌ಟಿಎಂಎಸ್. ಇವಿದ್ದರೆ ಯಾವ ಆ್ಯಪ್‌ಗಾದರೂ ಹೋಗಬಹುದು. ಹಳೇ ಟ್ರೈನರ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡದೇ ದುಡ್ಡು ಕೊಡಬೇಡಿ.

ಹೊಸ_ಪೆಡಲ್
ನನ್ನದೂ ಒಂದು ಪ್ರಶ್ನೆ. ಝ್ವಿಫ್ಟ್‌ನಲ್ಲಿ ಟ್ರೈನರ್ ಡಿಫಿಕಲ್ಟಿ ಕಡಿಮೆ ಮಾಡಿದ್ರೆ ಬೆಟ್ಟ ಸುಲಭವಾಗುತ್ತೆ ಅಲ್ವಾ? ಅದರಲ್ಲಿನ ಆಲ್ಪ್ ಡು ಝ್ವಿಫ್ಟ್ ಬೆಟ್ಟ ಹತ್ತೋಕೆ ಸೊನ್ನೆ ಇಟ್ಟುಬಿಡ್ತೀನಿ.

ವ್ಯಾಟ್‌ಮೀಟರ್
ಇಲ್ಲ. ಆ ಸ್ಲೈಡರ್ ಮೊದಲಿಂದ 50%ರಲ್ಲಿ ಇರುತ್ತೆ. 8.5% ಏರು ಇದ್ದರೆ ಕಾಲಿಗೆ 4.25% ಅನ್ನಿಸುತ್ತೆ ಅಷ್ಟೇ, ತೆರೆಯ ಮೇಲಿನ ವೇಗ ಮಾತ್ರ ಪೂರ್ತಿ 8.5%ಗೆ ಬೇಕಾದ ವ್ಯಾಟ್ ಕೇಳುತ್ತೆ. ಅದೇ ಕೆಲಸ, ಗೇರ್ ಕಡಿಮೆ ಬದಲಿಸಿದರೆ ಆಯ್ತು.

ಆಲ್ಪ್ ಡು ಝ್ವಿಫ್ಟ್ 12.2 ಕಿಮೀ, 1036 ಮೀಟರ್ ಏರು, ಫ್ರಾನ್ಸ್‌ನ ಆಲ್ಪ್ ದ್ಯುಯೆಜ್‌ನ ಹಾಗೇ 21 ತಿರುವು. ಸವಾರ 75 ಕೆಜಿ, ಸೈಕಲ್ 8 ಕೆಜಿ ಅಂದ್ಕೊಳ್ಳಿ. 83 × 9.81 × 1036, ಅಂದರೆ 843 ಕಿಲೋಜೌಲ್ ಬರೀ ಎತ್ತೋಕೆ. ಟೈರ್, ಗಾಳಿ ಸೇರಿ 900 ಹತ್ತಿರ. 200 ವ್ಯಾಟ್‌ನಲ್ಲಿ 75 ನಿಮಿಷ. ಸ್ಲೈಡರ್ ಎಲ್ಲಿಟ್ಟರೂ 75 ನಿಮಿಷವೇ.

ಹೊಸ_ಪೆಡಲ್
ಹಾಗಾದ್ರೆ ಆ ಸ್ಲೈಡರ್ ಯಾಕೆ ಕೊಟ್ಟಿದ್ದಾರೆ?

ಚೈನ್‌ವಿಪ್
ರೋಡ್ ಬೈಕಿನ ಗಟ್ಟಿ ಗೇರ್ ಇದ್ದವರಿಗೆ. ಮುಂದೆ 39, ಹಿಂದೆ 25 ಹಲ್ಲು ಇಟ್ಟುಕೊಂಡು 100%ರಲ್ಲಿ 12% ಏರು ಬಂದರೆ ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) 45ಕ್ಕೆ ಬೀಳುತ್ತೆ, ಮಂಡಿ ನೋವು. ಹೈಬ್ರಿಡ್‌ಗೆ ಮುಂದೆ ಮೂರು ಹಲ್ಲುಚಕ್ರ ಇದ್ದರೆ 100% ಇಟ್ಟರೂ ತೊಂದರೆಯಿಲ್ಲ. ಇಳಿಜಾರಿಗೂ ಆ ಸ್ಲೈಡರ್ ಅನ್ವಯಿಸುತ್ತೆ.

ಹೊಸ_ಪೆಡಲ್
ಇನ್ನೊಂದೇ ಒಂದು. ಎರ್ಗ್ ಮೋಡ್‌ನಲ್ಲಿ ಸುಸ್ತಾಗಿ ಸ್ವಲ್ಪ ನಿಧಾನ ಮಾಡಿದ್ರೆ ಪೆಡಲ್ ಕಲ್ಲಾಗಿಬಿಡುತ್ತಲ್ಲ, ಟ್ರೈನರ್ ಹಾಳಾ?

ಬೆವರು_ಲೆಕ್ಕ
ಟ್ರೈನರ್ ಸರಿಯಾಗೇ ಇದೆ. ಎರ್ಗ್‌ನಲ್ಲಿ ಅದಕ್ಕೆ ಇರುವ ಆಜ್ಞೆ ಒಂದೇ: ಇಷ್ಟು ವ್ಯಾಟ್ ಹಿಡಿ. ವ್ಯಾಟ್ ಅಂದ್ರೆ ತಿರುಚುಬಲ ಗುಣಿಸು ತಿರುಗುವ ವೇಗ. 200 ವ್ಯಾಟ್‌ಗೆ 90 ಆರ್‌ಪಿಎಂನಲ್ಲಿ 21 ನ್ಯೂಟನ್-ಮೀಟರ್ ಸಾಕು. 60ಕ್ಕೆ ಇಳಿದರೆ 32 ಬೇಕು, 50ಕ್ಕೆ 38. ನೀವು ನಿಧಾನ ಮಾಡಿದಷ್ಟೂ ಅದು ಬಿಗಿಯುತ್ತೆ, ಬಿಗಿದಷ್ಟೂ ನೀವು ನಿಧಾನ. ಕೊನೆಗೆ ನಿಂತೇ ಹೋಗುತ್ತೆ.

ಕೇಡೆನ್ಸ್ 80ರ ಕೆಳಗೆ ಜಾರೋಕೆ ಶುರುವಾದಾಗಲೇ, ವ್ಯಾಟ್ ನೋಡದೆ, ಕಾಲು ಚುರುಕು ಮಾಡಿ. ಕೈಮೀರಿದ್ರೆ ತುಳಿಯೋದನ್ನು ಪೂರ್ತಿ ನಿಲ್ಲಿಸಿ, ಟ್ರೈನರ್ ಹಿಡಿತ ಬಿಡೋವರೆಗೆ ಕೆಲವು ಸೆಕೆಂಡ್ ಕಾಯಿರಿ, ಆಮೇಲೆ ಮೇಲಿನ ಕೇಡೆನ್ಸ್‌ನಿಂದ ಶುರು. ಆ್ಯಪ್‌ನಲ್ಲಿ ಕಷ್ಟದ ಪ್ರಮಾಣ 3-5% ಇಳಿಸಿಯೂ ನೋಡಬಹುದು.

30 ಸೆಕೆಂಡಿಗಿಂತ ಚಿಕ್ಕ ಸ್ಪ್ರಿಂಟ್‌ಗಳಿಗೆ ಎರ್ಗ್ ಆಫ್ ಮಾಡಿ. ಟ್ರೈನರ್ ಆ ವ್ಯಾಟ್ ಮುಟ್ಟೋಕೆ ಒಂದೆರಡು ಸೆಕೆಂಡ್ ತಗೊಳ್ಳುತ್ತೆ, ನೀವು ಅದಕ್ಕೂ ಮುಂಚೆ ನುಗ್ಗಿರ್ತೀರಿ, ಎರಡೂ ಜಗಳ.

ವ್ಯಾಟ್‌ಮೀಟರ್
ಸೇರಿಸಿ: ಎರ್ಗ್‌ನಲ್ಲಿ ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ನಡುವಿನದ್ದು, ಚೈನ್ ನೇರ. ದೊಡ್ಡ ಗೇರ್‌ನಲ್ಲಿ ಟ್ರೈನರ್‌ನ ಭಾರದ ಚಕ್ರ (ಫ್ಲೈವೀಲ್) ತುಂಬಾ ಜೋರು ತಿರುಗುತ್ತೆ. ಆಗ ಕೆಲವು ಟ್ರೈನರ್‌ಗಳು ವಿಶ್ರಾಂತಿಯ 90-100 ವ್ಯಾಟ್‌ಗೆ ಇಳಿಯೋಕೆ ಆಗದೆ 130ರಲ್ಲೇ ನಿಲ್ಲುತ್ತವೆ.

ಜಯನಗರ_ಹೈಬ್ರಿಡ್
ಎಫ್‌ಟಿಪಿ ಟೆಸ್ಟ್ ಯಾವುದು ಮಾಡಲಿ?

ವ್ಯಾಟ್‌ಮೀಟರ್
ಹೊಸಬರಿಗೆ ರ‍್ಯಾಂಪ್ ಟೆಸ್ಟ್. ನಿಮಿಷಕ್ಕೆ 20 ವ್ಯಾಟ್ ಏರ್ತಾ ಹೋಗುತ್ತೆ, ಕಾಲು ಸೋಲೋವರೆಗೆ. ಅತಿ ಹೆಚ್ಚಿನ ಒಂದು ನಿಮಿಷದ ಸರಾಸರಿಯ 75% ನಿಮ್ಮ ಎಫ್‌ಟಿಪಿ. ಕೊನೇ ಒಂದು ನಿಮಿಷ 240 ಬಂದರೆ 180. ಸ್ಪ್ರಿಂಟ್ ಜೋರಿರುವವರಿಗೆ ಇದು ಜಾಸ್ತಿ ತೋರಿಸುತ್ತೆ. ಬಂದ ಅಂಕಿಯಲ್ಲಿ 10 ನಿಮಿಷದ ಎರಡು ಸುತ್ತು ಹಿಡಿಯೋಕೇ ಆಗದಿದ್ದರೆ 5% ಇಳಿಸಿಕೊಳ್ಳಿ, ನಾಚಿಕೆ ಬೇಡ. 20 ನಿಮಿಷದ ಟೆಸ್ಟ್ ಆದರೆ ಸರಾಸರಿಯ 95%. ಅದಕ್ಕೆ ವೇಗ ಹಂಚಿಕೊಳ್ಳುವ ಅನುಭವ ಬೇಕು.

ಮಲ್ನಾಡ್_ಘಾಟಿ
ನಂದಿ ಬೆಟ್ಟವನ್ನೇ ಟ್ರೈನರ್ ಮೇಲೆ ಹತ್ತಬಹುದಾ? ಆ್ಯಪ್‌ನ ಜ್ವಾಲಾಮುಖಿ ನೋಡಿ ಬೇಜಾರು.

ಸ್ಪೋಕ್‌ಸ್ವಾಮಿ
ಹತ್ತಬಹುದು. ಗಾರ್ಮಿನ್ ಎಡ್ಜ್ ಸೈಕಲ್ ಕಂಪ್ಯೂಟರ್ ಇದ್ದರೆ ಜಿಪಿಎಕ್ಸ್ (ಮಾರ್ಗದ ಫೈಲ್) ಅನ್ನು ಕೋರ್ಸ್ ಆಗಿ ಹಾಕಿ, ಟ್ರೈನರನ್ನು ಎಫ್‌ಇ-ಸಿ ಮೂಲಕ ಜೋಡಿಸಿ, "ಕೋರ್ಸ್ ಅನುಸರಿಸು" ಕೊಡಿ. ಏರಿಗೆ ತಕ್ಕ ಹಾಗೆ ಅದೇ ಬಿಗಿಯುತ್ತೆ. ವಾಹೂ ಎಲಿಮೆಂಟ್‌ನಲ್ಲೂ ಆಗುತ್ತೆ.

ಎತ್ತರದ ಮಾಹಿತಿ ಮಾತ್ರ ಪರೀಕ್ಷಿಸಿ. ಉಪಗ್ರಹದ ಎತ್ತರ ನಕ್ಷೆ ಸುಮಾರು 30 ಮೀಟರ್ ಚೌಕಗಳದ್ದು. ಹೇರ್‌ಪಿನ್‌ನಲ್ಲಿ ಮೇಲಿನ ರಸ್ತೆ, ಕೆಳಗಿನ ರಸ್ತೆ ಎರಡೂ ಒಂದೇ ಚೌಕಕ್ಕೆ ಬಿದ್ದು ಒಮ್ಮೆ 25% ಏರು, ಮರುಕ್ಷಣ ಇಳಿಜಾರು ತೋರಿಸುತ್ತೆ. ಆಗುಂಬೆಯಂಥ ಘಾಟಿಗೆ ಇದು ಇನ್ನೂ ಜಾಸ್ತಿ. ವಾಯುಭಾರದ ಎತ್ತರಮಾಪಕ ಇರುವ ಸೈಕಲ್ ಕಂಪ್ಯೂಟರ್‌ನಲ್ಲಿ ನಿಜವಾಗಿ ಹತ್ತಿ ದಾಖಲಿಸಿದ ಫೈಲ್ ತಗೊಳ್ಳಿ.

ಡಿಸ್ಕ್_ದಾಸ
ಡಿಸ್ಕ್ ಬ್ರೇಕ್ ಇರುವವರಿಗೆ ಒಂದು ಮಾತು. ಡೈರೆಕ್ಟ್ ಡ್ರೈವ್‌ಗೆ ಚಕ್ರ ತೆಗೆದ ಮೇಲೆ ಕ್ಯಾಲಿಪರ್‌ಗೆ ಪ್ಲಾಸ್ಟಿಕ್ ಸ್ಪೇಸರ್ ತುರುಕಿ. ರೋಟರ್ ಇಲ್ಲದೆ ಹೈಡ್ರಾಲಿಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಪ್ಯಾಡ್ ಎರಡೂ ಅಂಟಿಕೊಳ್ಳುತ್ತೆ. ಸ್ಪೇಸರ್ ಕಳೆದಿದ್ದರೆ ಮಡಚಿದ ಗಟ್ಟಿ ರಟ್ಟೂ ಆಗುತ್ತೆ.

ಬೆವರು ಕಬ್ಬಿಣಕ್ಕೆ ವಿಷ. ಹ್ಯಾಂಡಲ್ ಮೇಲೆ ಟವೆಲ್, ಟಾಪ್ ಟ್ಯೂಬ್ ಮೇಲೆ ಇನ್ನೊಂದು. ಮುಗಿದ ಮೇಲೆ ಸ್ಟೆಮ್ ಬೋಲ್ಟ್, ಹೆಡ್‌ಸೆಟ್ ಮುಚ್ಚಳ, ಬಾಟಲ್ ಕೇಜ್ ಸ್ಕ್ರೂ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ರೋಡ್ ಬೈಕ್‌ನವರು ಸೀಸನ್ ಮುಗಿದಾಗ ಹ್ಯಾಂಡಲ್ ಟೇಪ್ ಬಿಚ್ಚಿ ನೋಡಿ. ಅಲ್ಯುಮಿನಿಯಂ ಮೇಲೆ ಬಿಳಿ ಹುಡಿ, ಗುಳಿ ಕಂಡರೆ ಆ ಹ್ಯಾಂಡಲ್ ಬದಲಿಸಿ. ಮುರಿದಾಗ ಎಚ್ಚರಿಕೆ ಕೊಡಲ್ಲ.

ಹೊಸ_ಪೆಡಲ್
ಎಲ್ಲ ಸರಿ, ಕೊನೆಗೂ ಇದು ವಿಡಿಯೋ ಗೇಮ್ ತಾನೇ? ನಿಜವಾದ ಸೈಕ್ಲಿಂಗ್ ಅಂತ ಹೇಗೆ ಹೇಳ್ತೀರಿ?

ಮಂಡ್ಯ_ಮೈಲಿ
ಜೇ ವೈನ್ ಹೆಸರು ಕೇಳಿದ್ದೀರಾ? ಆಸ್ಟ್ರೇಲಿಯಾದವರು. 2020ರಲ್ಲಿ ಝ್ವಿಫ್ಟ್ ಅಕಾಡೆಮಿ ಅನ್ನೋ ಪ್ರತಿಭಾ ಶೋಧ ಸ್ಪರ್ಧೆ ಗೆದ್ದು ವೃತ್ತಿಪರ ತಂಡದ ಒಪ್ಪಂದ ಪಡೆದರು. 2022ರ ಫೆಬ್ರವರಿಯಲ್ಲಿ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್. ಅದೇ ವರ್ಷ ಸ್ಪೇನ್‌ನ ದೊಡ್ಡ ರಸ್ತೆ ರೇಸ್ ವುಯೆಲ್ಟಾದಲ್ಲಿ ಎರಡು ಬೆಟ್ಟದ ಹಂತ ಗೆದ್ದರು, ನಿಜವಾದ ಬೆಟ್ಟ. 2020ರ ಮೊದಲ ಚಾಂಪಿಯನ್ ಜೇಸನ್ ಓಸ್ಬೋರ್ನ್ ಮೂಲತಃ ಜರ್ಮನಿಯ ದೋಣಿ ಹುಟ್ಟುಗಾರ.

ವ್ಯಾಟ್‌ಮೀಟರ್
ಆ ಮಟ್ಟದಲ್ಲಿ ಸರಿ. ಸ್ಥಳೀಯ ರೇಸ್‌ಗಳಲ್ಲಿ ತೂಕ 8 ಕೆಜಿ ಇಳಿಸಿ ಬರೆಯೋ ಮಹಾನುಭಾವರೇ ಜಾಸ್ತಿ. 240 ವ್ಯಾಟ್ 80 ಕೆಜಿಗೆ 3.0, ಅದನ್ನೇ 72 ಅಂತ ಬರೆದರೆ 3.33. ಏರಿನಲ್ಲಿ ಹಾರಿ ಹೋಗ್ತಾರೆ.

ಹುಬ್ಬಳ್ಳಿ_ಹೆಡ್‌ವಿಂಡ್
ತೂಕ ಅಷ್ಟ ಅಲ್ರಿ, ಎತ್ತರನೂ ಗಿಡ್ಡ ಬರಿತಾರ. ಗಿಡ್ಡ ಇದ್ರ ಗಾಳಿ ತಡೆ ಕಡಿಮಿ ಅಂತ ಆ್ಯಪ್ ಲೆಕ್ಕ ಹಾಕ್ತದ.

ಜಯನಗರ_ಹೈಬ್ರಿಡ್
ಎಲ್ಲ ಓದಿದೆ. ಡೈರೆಕ್ಟ್ ಡ್ರೈವ್, 8 ಸ್ಪೀಡ್ ಕ್ಯಾಸೆಟ್, 1.85 ಸ್ಪೇಸರ್, ರಬ್ಬರ್ ಮತ್ತು ಪ್ಲೈವುಡ್, ಪೆಡೆಸ್ಟಲ್ ಫ್ಯಾನ್. ಒಂದೇ ಹಲ್ಲುಚಕ್ರದ ಝ್ವಿಫ್ಟ್ ಕಾಗ್ ಸಮೇತ ಬರುವ ಟ್ರೈನರ್ ಕೂಡ ಕಂಡೆ. ಅದು ನನ್ನ ಸೈಕಲ್‌ಗೆ?

ಚೈನ್‌ವಿಪ್
ಅದೂ ಆಗುತ್ತೆ. 14 ಹಲ್ಲಿನ ಒಂದೇ ಚಕ್ರ, 8ರಿಂದ 12 ಸ್ಪೀಡ್ ಚೈನ್‌ಗೆ ಹೊಂದುವಂಥದ್ದು, ನಿಮ್ಮ 7ರ ಚೈನ್ 8ರದ್ದೇ ಆದ್ದರಿಂದ ತೊಂದರೆಯಿಲ್ಲ. ಗೇರ್ ಬದಲಾವಣೆ ಹ್ಯಾಂಡಲ್ ಮೇಲಿನ ಬಟನ್‌ನಿಂದ, ಟ್ರೈನರೇ ಹಿಡಿತ ಬದಲಿಸುತ್ತೆ. ಸದ್ದು ಕಡಿಮೆ, ಸ್ಪೇಸರ್ ತಲೆನೋವಿಲ್ಲ, ಮನೆಯಲ್ಲಿ ಬೇರೆ ಬೇರೆ ಸ್ಪೀಡ್‌ನ ಎರಡು ಸೈಕಲ್ ಇದ್ದರೂ ಒಂದೇ ಟ್ರೈನರ್ ಸಾಕು. ಡಿರೇಲರನ್ನು ಕಾಗ್‌ಗೆ ನೇರ ಬರುವ ಗೇರ್‌ಗೆ ನಿಲ್ಲಿಸಿ ಬಿಡಿ. ನೀವು ಬಳಸುವ ಆ್ಯಪ್ ಆ ಬಟನ್‌ಗೆ ಬೆಂಬಲ ಕೊಡುತ್ತಾ ಅಂತ ಕೊಳ್ಳುವ ಮೊದಲು ನೋಡಿ, ಇಲ್ಲದಿದ್ದರೆ ಒಂದೇ ಗೇರ್‌ನಲ್ಲಿ ಬೆಟ್ಟ ಹತ್ತಬೇಕಾಗುತ್ತೆ.

ಸ್ಲ್ಯಾಬ್_ಮೇಸ್ತ್ರಿ
ಪ್ಲೈವುಡ್ ತರುವಾಗ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಕೊಳ್ಳಿ. 8 × 4 ಅಡಿ ಪೂರ್ತಿ ಹಾಳೆ ನಿಮ್ಮ ಲಿಫ್ಟ್‌ಗೆ ಹೋಗಲ್ಲ.